ಪ್ಯಾರೆಟ್ಲೆಟ್: ಜೋಡಿ ಹಾಕುವ ಮೊದಲು ಜಾತಿ ಗುರುತಿಸುವುದು

ಪ್ಯಾರೆಟ್ಲೆಟ್ ಎಂಬ ಪುಟ್ಟ ಗಿಳಿ ಕೈಗೆ ಬಂದರೆ ನಾನು ಮೊದಲು ನೋಡುವುದು ತಲೆಯ ಬಣ್ಣವನ್ನಲ್ಲ, ಬಾಲದ ಬುಡವನ್ನು. ಇದನ್ನು ಲವ್‌ಬರ್ಡ್‌ನ ಪುಟ್ಟ ತಳಿ ಎಂದುಕೊಂಡವರು ಬಹಳ. ಲವ್‌ಬರ್ಡ್ ಆಫ್ರಿಕಾದ್ದು, ಕುಟುಂಬವೇ ಬೇರೆ. ಫೋರ್ಪಸ್ ಕುಲದ ಈ ಹಕ್ಕಿ ಅಮೆರಿಕದ್ದು, 12-13 ಸೆಂ.ಮೀ. ಉದ್ದ, ಸುಮಾರು 30 ಗ್ರಾಂ ತೂಕ. ಸಂಬಂಧದಲ್ಲಿ ಮಕಾವ್‌ಗಳ ದಾಯಾದಿ.

ಬೆಳಗಿನ ಹೊತ್ತು ಕಿಟಕಿ ಪಕ್ಕ ನೋಡಬೇಕು. ಎಲ್‌ಇಡಿ ಬೆಳಕಿನಲ್ಲಿ ಹಸಿರು, ನೀಲಿ ಎರಡೂ ಮೋಸ ಮಾಡುತ್ತವೆ. ತೆಳು ಬಟ್ಟೆಯಲ್ಲಿ ಹಿಡಿದು, ಕುತ್ತಿಗೆಯ ಎರಡೂ ಬದಿಗೆ ಬೆರಳಿಟ್ಟು ತಲೆ ನಿಲ್ಲಿಸಿ. ಎದೆ ಮಾತ್ರ ಒತ್ತಬೇಡಿ: ಹಕ್ಕಿಗೆ ವಪೆ (ಉಸಿರಾಟಕ್ಕೆ ನೆರವಾಗುವ, ಎದೆ-ಹೊಟ್ಟೆಯ ನಡುವಿನ ಸ್ನಾಯು) ಇಲ್ಲ, ಎದೆಗೂಡು ಅಲುಗಾಡಿದರಷ್ಟೇ ಉಸಿರು. ಒಂದು ನಿಮಿಷದೊಳಗೆ ಬಿಟ್ಟುಬಿಡಿ. (ಗಾತ್ರ ನೋಡಿ ಸದರ ಬೇಡ, ಕಚ್ಚಿದರೆ ರಕ್ತ ಬರುತ್ತದೆ.)

ಗಂಡಿನ ಬಾಲದ ಬುಡ ಕಡುನೀಲಿ, ಕಣ್ಣಿನ ಹಿಂದೆ ನೀಲಿ ಗೆರೆ, ಬೆನ್ನು ಬೂದು ಛಾಯೆಯದಾದರೆ ಅದು ಸೀಲೆಸ್ಟಿಸ್ ಎಂಬ ಜಾತಿ. ಪಶ್ಚಿಮ ಈಕ್ವೆಡಾರ್, ವಾಯವ್ಯ ಪೆರುವಿನದು. ರೆಕ್ಕೆಯಲ್ಲಿ ನೀಲಿ ಇದ್ದೂ ಬಾಲದ ಬುಡ ಹೊಳೆಯುವ ಹಸಿರಾಗಿದ್ದರೆ ಪ್ಯಾಸೆರಿನಸ್ ಎಂಬ ಜಾತಿ. ಹೆಣ್ಣುಗಳಲ್ಲೇ ತಪ್ಪುವುದು ಹೆಚ್ಚು, ಏಕೆಂದರೆ ಎರಡರಲ್ಲೂ ಈ ಕಡುನೀಲಿ ಇರುವುದಿಲ್ಲ. ಹಣೆ ಹಳದಿಗೆ ತಿರುಗಿದ್ದರೆ ಪ್ಯಾಸೆರಿನಸ್, ಕತ್ತಿನ ಹಿಂದೆ ಬೂದು ಛಾಯೆ ಇದ್ದರೆ ಸೀಲೆಸ್ಟಿಸ್ ಎಂದು ನಾನು ಬೇರೆ ಮಾಡುತ್ತೇನೆ.

ಹಳದಿ ಮುಖ ಕಂಡ ಕೂಡಲೇ ಮೂರನೆಯ ಜಾತಿಯಾದ ಝ್ಯಾಂಥಾಪ್ಸ್ ಎನ್ನಬಾರದು. ಸೀಲೆಸ್ಟಿಸ್‌ನಲ್ಲೇ ಹಳದಿ ಮ್ಯುಟೇಶನ್ (ವಂಶವಾಹಿ ಬದಲಾಗಿ ಬಂದ ಬಣ್ಣ) ಇದೆ, ಆದರೆ ಅದರಲ್ಲಿ ಮೈಯೆಲ್ಲ ಹಳದಿ. ನಿಜವಾದ ಝ್ಯಾಂಥಾಪ್ಸ್ ಉತ್ತರ ಪೆರುವಿನ ಮರನ್ಯೋನ್ ಕಣಿವೆಯದು, ತುಸು ದೊಡ್ಡದು. ಮುಖ ಹಳದಿ, ಬೆನ್ನು ಬೂದು-ಹಸಿರು. ಮುಖ್ಯವಾಗಿ, ಹೆಣ್ಣಿನ ಬಾಲದ ಬುಡದಲ್ಲೂ ನೀಲಿ ಇರುತ್ತದೆ. 1895ರಲ್ಲಿ ಪಕ್ಷಿತಜ್ಞ ಸಾಲ್ವಿನ್ ಹೆಸರಿಟ್ಟ ಈ ಹಕ್ಕಿಯನ್ನು ಕೆಲವರು ಸೀಲೆಸ್ಟಿಸ್‌ನ ಉಪಪ್ರಭೇದವೆಂದೇ ಎಣಿಸಿದ್ದರು. ಎರಡನ್ನೂ ಕೂಡಿಸಿದರೆ ಬೆರಕೆ ಮರಿ ಬರುತ್ತದೆ, ಆಮೇಲೆ ಆ ಸಾಲು ಶುದ್ಧ ಮಾಡಲಾಗದು.

ನೀಲಿ ಮ್ಯುಟೇಶನ್ ಇನ್ನೂ ಕಷ್ಟ. ಅದರಲ್ಲಿ ಹಳದಿ ವರ್ಣದ್ರವ್ಯವೇ ಇಲ್ಲ, ಹಾಗಾಗಿ ಹಣೆಯ ಗುರುತೂ ಮುಖದ ಗುರುತೂ ಅಳಿಸಿಹೋಗುತ್ತವೆ. ಹಸಿರು ಬಣ್ಣದ ತಂದೆ-ತಾಯಿಯ ಫೋಟೊ ಸಿಗದಿದ್ದರೆ ಅಂಥ ಹಕ್ಕಿಯನ್ನು ಜೋಡಿಗೆ ಬಳಸುವುದಿಲ್ಲ.

ಭಾರತದಲ್ಲಿ ಫೋರ್ಪಸ್ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇವು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ 2ನೇ ಅನುಬಂಧದಲ್ಲಿವೆ. ಪೋರ್ಟಲ್‌ನಲ್ಲಿ ಬರೆಯುವುದು ಬರೀ ‘ಪ್ಯಾರೆಟ್ಲೆಟ್’ ಎಂದಲ್ಲ, ಪ್ರಭೇದದ ಹೆಸರು.