ಆಪರೇಷನ್‌ಗೆ ಕಾದು ಕಾದು ‘ಬೇಡ’ ಎಂದವರೊಡನೆ ನನ್ನ ಅನುಭವ

ಧಾರವಾಡದಲ್ಲಿ ಫಿಸಿಯೋಥೆರಪಿ ಓದಿ ಇಂಗ್ಲೆಂಡಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗೆ ಬಂದವಳು ನಾನು. ಸೊಂಟ, ಮಂಡಿಯ ಕೀಲು ಬದಲಾವಣೆಗೆ ಕಾಯುತ್ತಿರುವವರ ಯೋಗಕ್ಷೇಮ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ನಿಯಮವಿದೆ. ಮೊದಲೇ ತಪ್ಪುತ್ತಿದ್ದ ಆ ಗಡುವು, 2020ರಲ್ಲಿ ಕೋವಿಡ್‌ನಿಂದಾಗಿ ತುರ್ತಲ್ಲದ ಆಪರೇಷನ್‌ಗಳು ನಿಂತ ಮೇಲೆ ಪೂರ್ತಿ ಹಳಿ ತಪ್ಪಿತು. 2023ರ ಸೆಪ್ಟೆಂಬರ್ ಹೊತ್ತಿಗೆ ಎಲ್ಲ ಬಗೆಯ ಚಿಕಿತ್ಸೆ ಸೇರಿ ಕಾಯುವ ಪಟ್ಟಿ ಸುಮಾರು 77 ಲಕ್ಷ ಮುಟ್ಟಿತ್ತು.

ಪಟ್ಟಿಯಲ್ಲಿರುವವರಿಗೆ ಆಗಾಗ ‘ಆಪರೇಷನ್ ಇನ್ನೂ ಬೇಕೇ?’ ಎಂಬ ಮೆಸೇಜ್ ಹೋಗುತ್ತದೆ. ಬೇಡ ಎಂದವರ ಹೆಸರು ತೆಗೆಯುವ ಮುನ್ನ ನಾನು ಫೋನ್ ಮಾಡುತ್ತೇನೆ. ವ್ಯಾಯಾಮ ಮಾಡಿ, ತೂಕ ಇಳಿಸಿ ನಿಜಕ್ಕೂ ಹಗುರಾದವರು ಕೆಲವರಿದ್ದಾರೆ, ಅವರ ಬಗ್ಗೆ ಚಿಂತೆಯಿಲ್ಲ.

ಎಪ್ಪತ್ತು ದಾಟಿದ, ಬಸ್ ಓಡಿಸಿ ನಿವೃತ್ತರಾದ ಒಬ್ಬರು ‘ಈಗ ಅಷ್ಟೇನೂ ನೋವಿಲ್ಲ’ ಅಂದರು. ಮಹಡಿ ಹತ್ತುತ್ತೀರಾ? ‘ಮಂಚ ಕೆಳಗೆ ತಂದಿದ್ದೇವೆ.’ ಕಾಲುಚೀಲ? ‘ಹೆಂಡತಿ ಹಾಕುತ್ತಾಳೆ.’ ನಿದ್ದೆ? ‘ಕುರ್ಚಿಯಲ್ಲೇ ಒರಗುತ್ತೇನೆ.’ ಮಂಡಿಯ ನೋವು, ಓಡಾಟ ಅಳೆಯುವ ಆಕ್ಸ್‌ಫರ್ಡ್ ಮಂಡಿ ಸ್ಕೋರಿನ 12 ಪ್ರಶ್ನೆ ಕೇಳಿದೆ. 48ಕ್ಕೆ ಅವರ ಅಂಕ ಪಟ್ಟಿಗೆ ಸೇರಿದಾಗ ಇದ್ದುದಕ್ಕಿಂತ ಇಳಿದಿತ್ತು, ಅಂದರೆ ಮಂಡಿ ಇನ್ನಷ್ಟು ಕೆಟ್ಟಿತ್ತು. ಮಂಡಿ ಕೆಟ್ಟಷ್ಟೂ ಅವರು ಓಡಾಟ ಬಿಡುತ್ತ ಬಂದಿದ್ದರು. ಓಡಾಡದ ಕಾಲಿಗೆ ನೋವು ಎಷ್ಟು ತಾನೆ ಗೊತ್ತಾದೀತು? ಅವರ ಹೆಸರು ಪಟ್ಟಿಯಲ್ಲೇ ಉಳಿಯಿತು.

ಹಾಗಾಗಿ ಬೇಕೋ ಬೇಡವೋ ಎಂಬುದನ್ನು ನಾನು ಕೊನೆಗೆ ಕೇಳುತ್ತೇನೆ. ದಿನಚರಿ ತಿಳಿದ ಮೇಲೆ ಭಯದ ಮಾತು ತೆಗೆಯುತ್ತೇನೆ. ತಿಂಗಳುಗಟ್ಟಲೆ ಕಾಯುವಾಗ ಯಾರದೋ ಮಂಡಿಗೆ ಸೋಂಕಾದ ಕಥೆ ಕಿವಿಗೆ ಬಿದ್ದಿರುತ್ತದೆ. ಆರೈಕೆ ಮಾಡಬೇಕಿದ್ದ ಗಂಡನೋ ಹೆಂಡತಿಯೋ ಹಾಸಿಗೆ ಹಿಡಿದಿರುತ್ತಾರೆ. ಮನೆಯ ಕಾರಣವಿದ್ದರೆ ಆಪರೇಷನ್ ನಂತರದ ಆರೈಕೆಗೆ ಮೊದಲೇ ಏರ್ಪಾಡು ಮಾಡಿಸುತ್ತೇನೆ. ಹೆದರಿಕೆಯಿದ್ದರೆ ಸರ್ಜನ್ ಜೊತೆ ಇನ್ನೊಮ್ಮೆ ಮಾತಾಡಿಸುತ್ತೇನೆ. ತೊಡೆಯ ಸ್ನಾಯು ಸೊರಗದಂತೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಎಲ್ಲರಿಗೂ ಇದ್ದೇ ಇದೆ. ಇಷ್ಟಾದ ಮೇಲೂ ಬೇಡ ಎಂದರೆ ಅವರ ತೀರ್ಮಾನವೇ ಅಂತಿಮ.

ಕಾಯಲಾರದೆ ಬೆಂಗಳೂರಿಗೆ ಹೋಗಿ ಮಾಡಿಸಿಕೊಳ್ಳುವ ಕನ್ನಡಿಗರೂ ನನ್ನನ್ನು ಕೇಳುತ್ತಾರೆ. ಆಪರೇಷನ್ ಆದ ಹೊಸತರಲ್ಲಿ ದೂರದ ವಿಮಾನ ಪ್ರಯಾಣದಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ವಾಪಸಾಗುವ ದಿನವನ್ನು ಸರ್ಜನ್‌ರನ್ನು ಕೇಳಿಯೇ ಗೊತ್ತುಮಾಡಿ ಎನ್ನುತ್ತೇನೆ. ಕೂರಿಸಿದ ಇಂಪ್ಲಾಂಟ್‌ನ (ಕೃತಕ ಕೀಲಿನ) ಹೆಸರು, ಅಳತೆ ಇರುವ ಕಾಗದವನ್ನೂ ಕೇಳಿ ತನ್ನಿ. ಮುಂದೆ ಇಲ್ಲಿ ತೊಂದರೆಯಾದರೆ ವೈದ್ಯರು ಮೊದಲು ಕೇಳುವುದು ಅದನ್ನೇ.