ಮೊದಲ ವಾರ ಏನೂ ಇಡುವುದಿಲ್ಲ

ಉಡುಪಿ ಹತ್ತಿರದ ಪರ್ಕಳದ ನಮ್ಮ ಹಳೆ ಮನೆಯಲ್ಲಿ ಹೊರದೇಶದ ರಂಗ ಕಲಾವಿದರನ್ನು ಉಳಿಸಿಕೊಳ್ಳಲು ಶುರು ಮಾಡಿದ್ದು 2017ರಲ್ಲಿ. ವರ್ಷಕ್ಕೆ ಇಬ್ಬರು, ತಲಾ ಐದು ವಾರ.

ಮೊದಲು ಬಂದವರಿಗೆ ದಿನಕ್ಕೆ ಮೂರು ಕಾರ್ಯಕ್ರಮ ಹಾಕಿದ್ದೆ. ಬೆಳಿಗ್ಗೆ ಕೃಷ್ಣ ಮಠ, ಸಂಜೆ ಮಲ್ಪೆ, ರಾತ್ರಿ ಯಕ್ಷಗಾನದ ಆಟ. ಹತ್ತನೇ ದಿನ ಅವರು ಜಗಲಿಯಲ್ಲಿ ಕೂತು, "ಎಲ್ಲ ನೋಡಿದೆ, ಒಂದೂ ಮನಸ್ಸಲ್ಲಿ ನಿಂತಿಲ್ಲ" ಅಂದರು. ತುಂಬಾ ಬೇಜಾರಾಯಿತು. ಊರನ್ನು ತೋರಿಸುವ ಆಸೆ ನನ್ನದು. ಅವರು ಬಂದದ್ದು ಕೆಲಸ ಮಾಡಲು, ಅಲ್ವಾ?

ಈಗ ಮೊದಲ ವಾರ ಏನೂ ಇಡುವುದಿಲ್ಲ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ನಿದ್ದೆ, ತೋಟದಲ್ಲಿ ಸುಮ್ನೆ ಓಡಾಟ. ನನ್ನ ಕೆಲಸ ಕಾಗದಪತ್ರದ್ದು ಮಾತ್ರ. ಆ ಮೊದಲ ವರ್ಷಗಳಲ್ಲಿ ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ, ಅವರು ನಮ್ಮಲ್ಲಿ ಉಳಿದಿದ್ದಾರೆ ಎಂದು ಸರ್ಕಾರಕ್ಕೆ ತಿಳಿಸುವ ಫಾರ್ಮ್ ಸಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕಿತ್ತು. ಹೋಟೆಲಿಗೆ ಮಾತ್ರವಲ್ಲ, ಮನೆಯವರಿಗೂ ಅದೇ ನಿಯಮ. ಅವರು ಸೂಟ್‌ಕೇಸ್ ಬಿಚ್ಚುವ ಮೊದಲೇ ಪಾಸ್‌ಪೋರ್ಟ್ ಕೇಳುತ್ತಿದ್ದೆ.

ಕರೆಸುವುದು ಜನವರಿಯಿಂದ ಮಾರ್ಚ್ ಒಳಗೆ. ಮೇ ಕೊನೆಯಲ್ಲಿ ಪತ್ತನಾಜೆ, ಅಂದರೆ ತುಳು ತಿಂಗಳು ಬೇಷದ ಹತ್ತನೇ ದಿನ, ಬಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆಟ ನಿಲ್ಲಿಸುತ್ತವೆ, ಆಮೇಲೆ ಬಯಲಾಟ ಸಿಗುವುದಿಲ್ಲ. ಈಗ ಕಾಲಮಿತಿ ಆಟಗಳೇ ಜಾಸ್ತಿ. ಆದರೂ ಬೆಳಗಿನವರೆಗೆ ನಡೆಯುವ ಒಂದು ಆಟವನ್ನು ಹುಡುಕಿ ಕರೆದುಕೊಂಡು ಹೋಗುತ್ತೇನೆ. ರಂಗಸ್ಥಳದ ಎದುರು ಕೂರಿಸುವುದಿಲ್ಲ. ಹಿರಿಯ ಕಲಾವಿದರ ಒಪ್ಪಿಗೆ ಪಡೆದು ಮೊದಲು ವೇಷ ಕಟ್ಟುವ ಚೌಕಿಗೆ ಹೋಗುತ್ತೇವೆ.

2019ರಲ್ಲಿ ಜಪಾನಿನಿಂದ ಬಂದ ನೃತ್ಯ ಕಲಾವಿದೆ ಅಲ್ಲಿ ನೆಲದ ಮೇಲೆ ಕೂತು ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟುವುದನ್ನು ನೋಡಿದರು. ಯಕ್ಷಗಾನದಲ್ಲಿ ತೆಂಕು, ಬಡಗು ಎಂದು ಎರಡು ತಿಟ್ಟು, ಅಂದರೆ ಶೈಲಿ. ತೆಂಕಿನ ಕಿರೀಟದ ಹಾಗೆ ಎತ್ತಿ ಇಟ್ಟುಕೊಳ್ಳುವಂಥದ್ದಲ್ಲ ಅದು. ಬಡಗಿನಲ್ಲಿ ಪ್ರತಿ ರಾತ್ರಿ ತಲೆಯ ಮೇಲೆಯೇ ಸುತ್ತು ಸುತ್ತಾಗಿ ಬಿಗಿದು ಕಟ್ಟಬೇಕು. ಹಿರಿಯರು ಬಟ್ಟೆಯ ಒಂದು ತುದಿಯನ್ನು ಆಕೆಯ ಕೈಗೆ ಕೊಟ್ಟು, "ಬಿಗಿ ಹಿಡಿ ಮಗಾ, ಸಡಿಲ ಬಿಡ್ಬೇಡ" ಅಂದರು. ಕನ್ನಡ ಬಾರದ ಆಕೆ ಹಿಡಿದರು. ಕಟ್ಟಿ ಮುಗಿಯುವವರೆಗೂ ಕೈ ಅಲುಗಲಿಲ್ಲ. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಆ ಹಿರಿಯರ ಮನೆಗೆ ಹೋಗಿ ಹೆಜ್ಜೆ ಕಲಿತರು.

ಹಣದ ವಿಷಯದಲ್ಲಿ ನಾನು ಗಟ್ಟಿ. ಅತಿಥಿಗೆ ದಿನಕ್ಕೆ ಎಷ್ಟು ಕೊಡುತ್ತೇವೋ, ಕಲಿಸುವ ಗುರುಗಳಿಗೂ ಅಷ್ಟೇ, ಅದೂ ಮೊದಲೇ. ನಮ್ಮವರಿಗೆ ಶಾಲು ಹೊದಿಸಿ ಚಹಾ ಕೊಟ್ಟು ಕಳಿಸುವುದನ್ನು ಬೇಕಾದಷ್ಟು ಕಡೆ ಕಂಡಿದ್ದೇನೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ದೈವಾರಾಧನೆಯ ಕೋಲದ ಬಗ್ಗೆಯೂ ಅಷ್ಟೇ. ಕೋಲ ನಡೆಸುವ ಮನೆಯವರನ್ನು ಕೇಳಿ, ಒಪ್ಪಿದರೆ ಕರೆದುಕೊಂಡು ಹೋಗುತ್ತೇನೆ. ಕ್ಯಾಮೆರಾ ಚೀಲದಲ್ಲೇ ಇರಬೇಕು. ದೈವದ ಹೆಜ್ಜೆಯನ್ನು ತನ್ನ ಪ್ರಯೋಗಕ್ಕೆ ಬಳಸುತ್ತೇನೆ ಅಂತ ಒಬ್ಬರು ಕೇಳಿದ್ದರು. ಅದು ಜನರ ನಂಬಿಕೆ, ಸೇವೆ. ಪ್ರದರ್ಶನವಲ್ಲ. ಆಗುವುದಿಲ್ಲ ಎಂದೆ. ಒಂದು ದಿನ ಮುನಿಸಿಕೊಂಡರು, ಆಮೇಲೆ ಸರಿಯಾದರು.

ಕೊನೆಗೆ ಪ್ರದರ್ಶನ ಕೊಡಲೇಬೇಕು ಎಂಬ ಷರತ್ತನ್ನೂ ಕೈಬಿಟ್ಟೆವು. ಜಪಾನಿನ ಆಕೆ ಹೊರಡುವ ಹಿಂದಿನ ಸಂಜೆ ತಾವಾಗಿಯೇ ಅಂಗಳಕ್ಕೆ ಇಳಿದರು. ನೋಡಿದ್ದು ಅಕ್ಕಪಕ್ಕದ ಮನೆಯವರು ಮತ್ತು ಆ ಗುರುಗಳು. ಒಂದು ತಿರುವಿನಲ್ಲಿ ಹೆಜ್ಜೆ ತಪ್ಪಿತು. ಗುರುಗಳು ಕೂತಲ್ಲಿಂದಲೇ ಮೊಣಕಾಲು ತಟ್ಟಿ ತಾಳ ಹಿಡಿದರು. ಆಕೆ ಅವರನ್ನು ನೋಡಿ ಮತ್ತೆ ಮೊದಲಿನಿಂದ ಶುರು ಮಾಡಿದರು.