ಪ್ಲ್ಯಾಂಕ್‌ನಲ್ಲಿ ಮೊಣಕೈ ಎಲ್ಲಿರಬೇಕು?

“ಹೊಟ್ಟೆಗೆ ಯಾವ ವ್ಯಾಯಾಮ ಒಳ್ಳೆಯದು ಡಾಕ್ಟರೇ?” ಎಂದು ಯಾರಾದರೂ ಕೇಳಿದರೆ ನಾನು ಈಗ ವ್ಯಾಯಾಮದ ಹೆಸರು ಹೇಳುವುದಿಲ್ಲ. ಚಾಪೆ ಹಾಸಿ, “ನೀವು ಮಾಡುತ್ತಿರುವುದನ್ನು ಒಮ್ಮೆ ಮಾಡಿ ತೋರಿಸಿ” ಎನ್ನುತ್ತೇನೆ. ಮೈಸೂರಿನಲ್ಲಿ ಫಿಸಿಯೊಥೆರಪಿ ಕ್ಲಿನಿಕ್ ನಡೆಸುವ ನನಗೆ ಈ ರೂಢಿ ಹತ್ತಿಸಿದ್ದು ಸ್ನಾಯುಗಳ ವಿದ್ಯುತ್ ಸಂಕೇತವನ್ನು ಅಳೆಯುವ ಇಎಂಜಿ ಯಂತ್ರ. ನಾನು ಆಗಾಗ ಪಾಠ ಹೇಳಲು ಹೋಗುವ ಕಾಲೇಜಿನ ಪ್ರಯೋಗಾಲಯದಲ್ಲಿ ಅದು ಸಂಜೆಯ ಹೊತ್ತು ಖಾಲಿ ಇರುತ್ತಿತ್ತು. ರೋಗಿಗಳಿಗೆ ಹೇಳಿಕೊಡುವ ವ್ಯಾಯಾಮಗಳನ್ನೆಲ್ಲ ಒಂದೊಂದಾಗಿ ನಾನೇ ಮಾಡುತ್ತ, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಯಾವಾಗ ಎಷ್ಟು ಎಚ್ಚರಗೊಳ್ಳುತ್ತವೆ ಎಂದು ಪರದೆಯ ಮೇಲೆ ನೋಡಿದೆ. ಆಮೇಲೆ ವಿದ್ಯಾರ್ಥಿಗಳನ್ನೂ ಪರಿಚಯದ ಇಬ್ಬರು ಪೈಲ್ವಾನರನ್ನೂ ಕರೆದು ನೋಡಿದೆ.

ಮೊದಲು ಯಂತ್ರದ ವಿಷಯ. ಅದರ ಮಿತಿ ತಿಳಿಯದಿದ್ದರೆ ಅದು ತೋರಿಸುವ ಅಂಕಿಗಳು ದಾರಿ ತಪ್ಪಿಸುತ್ತವೆ. ಸ್ನಾಯು ಬಿಗಿಯಾಗುವಾಗ ಹುಟ್ಟುವ ವಿದ್ಯುತ್ತನ್ನು ಚರ್ಮದ ಮೇಲಿಂದ ಹಿಡಿಯುವುದಷ್ಟೇ ಇಎಂಜಿಯ ಕೆಲಸ. ಕೂದಲು ಬೋಳಿಸಿ, ಸ್ಪಿರಿಟ್‌ನಿಂದ ಚರ್ಮವನ್ನು ಕೆಂಪಾಗುವಂತೆ ಉಜ್ಜಿ, 2 ಸೆಂಟಿಮೀಟರ್ ಅಂತರದಲ್ಲಿ ಎರಡೆರಡು ಎಲೆಕ್ಟ್ರೋಡ್ ಅಂಟಿಸಬೇಕು. ಹೊಟ್ಟೆಯ ಮೇಲೆ ಕೊಬ್ಬಿನ ಪದರ ದಪ್ಪಗಿದ್ದಷ್ಟೂ ಸಂಕೇತ ಸೊರಗುತ್ತದೆ. ಮುಂಡದ ಸ್ನಾಯುಗಳನ್ನು ಅಳೆಯುವಾಗ ಹೃದಯದ ಬಡಿತವೂ ಕರೆಯದ ನೆಂಟನಂತೆ ನಡುವೆ ಬಂದು ಕೂರುತ್ತದೆ, ಅದನ್ನು ಸೋಸಿ ತೆಗೆಯಬೇಕು. ಇಷ್ಟಾದ ಮೇಲೂ ಬರುವ ಮೈಕ್ರೊವೋಲ್ಟ್‌ಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ಹೋಲಿಸುವಂತಿಲ್ಲ. ಆ ವ್ಯಕ್ತಿ ತನ್ನ ಶಕ್ತಿಯನ್ನೆಲ್ಲ ಹಾಕಿ ಸ್ನಾಯುವನ್ನು ಬಿಗಿಮಾಡಿದಾಗ ಬಂದ ಮಟ್ಟವನ್ನು ನೂರು ಎಂದಿಟ್ಟುಕೊಂಡು, ಉಳಿದದ್ದನ್ನು ಅದರ ಶೇಕಡಾವಾರಿನಲ್ಲಿ ಹೇಳುವುದು ಪದ್ಧತಿ. ಬೆನ್ನುನೋವಿನವರು ಭಯದಿಂದ ಪೂರ್ತಿ ಶಕ್ತಿ ಹಾಕುವುದಿಲ್ಲ. ಆಗ ಆ ‘ನೂರು’ ಸಣ್ಣದಾಗಿ, ಸಾಧಾರಣ ವ್ಯಾಯಾಮವೂ ಮಹಾ ಪರಿಣಾಮಕಾರಿಯಂತೆ ಕಾಣುತ್ತದೆ. ‘ಈ ವ್ಯಾಯಾಮದಲ್ಲಿ ಇಷ್ಟು ಶೇಕಡಾ ಹೆಚ್ಚು’ ಎಂದು ಜಿಮ್ ಗೋಡೆಗಳ ಮೇಲೆ ಅಂಟಿಸಿರುವ ಪಟ್ಟಿಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳದಿರುವುದು ಇದೇ ಕಾರಣಕ್ಕೆ.

ಸಿಟ್‌ಅಪ್‌ನಿಂದ ಶುರುಮಾಡಿದೆ. ಶಾಲೆಯ ಪಿ.ಟಿ. ಮೇಷ್ಟ್ರ ಕಾಲದಿಂದ ಎಲ್ಲರಿಗೂ ಗೊತ್ತಿರುವ ವ್ಯಾಯಾಮ ಅದು. ಅಂಗಾತ ಮಲಗಿ ತಲೆ, ಭುಜ, ಹೆಗಲ ಮೂಳೆ ನೆಲ ಬಿಡುವವರೆಗೆ ಹೊಟ್ಟೆಯ ನಡುವಿನ ಉದ್ದ ಸ್ನಾಯು, ಅಂದರೆ ರೆಕ್ಟಸ್ ಅಬ್ಡಾಮಿನಿಸ್, ಜೋರಾಗಿ ಕೆಲಸ ಮಾಡುತ್ತದೆ. ಅಲ್ಲಿಂದ ಮುಂದೆ ಎದ್ದು ಕೂರುವ ಭಾಗದಲ್ಲಿ ಸೊಂಟವನ್ನು ಮಡಚುವ ಸ್ನಾಯುಗಳು ಯಜಮಾನಿಕೆ ವಹಿಸಿಕೊಳ್ಳುತ್ತವೆ. ಇವುಗಳಲ್ಲಿ ಮುಖ್ಯವಾದ ಸೋಯಸ್ ಹೊರಡುವುದೇ ಸೊಂಟದ ಕಶೇರುಗಳಿಂದ. ಆದ್ದರಿಂದ ಅದು ಎಳೆದಾಗಲೆಲ್ಲ ಬೆನ್ನುಮೂಳೆ ಅದುಮಿಕೊಳ್ಳುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಅವರ ಲೆಕ್ಕದಲ್ಲಿ ಒಂದು ಸಿಟ್‌ಅಪ್ ಬೆನ್ನಿನ ಮೇಲೆ ಸುಮಾರು 3300 ನ್ಯೂಟನ್ ಒತ್ತಡ ಹಾಕುತ್ತದೆ. ಭಾರ ಎತ್ತುವ ಕಾರ್ಮಿಕರಿಗಾಗಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಹಾಕಿಕೊಟ್ಟ ಎಚ್ಚರಿಕೆಯ ಗೆರೆ 3400 ನ್ಯೂಟನ್. ಅದು ಹತ್ತಿರಹತ್ತಿರ 350 ಕಿಲೋ ತೂಕಕ್ಕೆ ಸಮ. ಡಿಸ್ಕ್ ನೋವಿನವರು ಬೆಳಿಗ್ಗೆ ಎದ್ದು ಐವತ್ತು ಸಿಟ್‌ಅಪ್ ತೆಗೆಯುತ್ತೇನೆಂದು ಹೆಮ್ಮೆಯಿಂದ ಹೇಳಿದಾಗ ನನಗೆ ನಗಬೇಕೋ ಗದರಬೇಕೋ ತಿಳಿಯುವುದಿಲ್ಲ.

ಅದಕ್ಕೇ ಮೊದಲ ಅರ್ಧವನ್ನಷ್ಟೇ ಉಳಿಸಿಕೊಳ್ಳುತ್ತೇನೆ. ಒಂದು ಮಂಡಿ ಮಡಚಿ, ಇನ್ನೊಂದು ಕಾಲು ನೀಟಾಗಿ ಚಾಚಿ, ಅಂಗೈಗಳನ್ನು ಸೊಂಟದ ಕೆಳಗಿನ ಟೊಳ್ಳಿಗೆ ತೂರಿಸಿ, ತಲೆ ಮತ್ತು ಭುಜವನ್ನು ನೆಲದಿಂದ ಸ್ವಲ್ಪವೇ ಎತ್ತುವುದು. ಕತ್ತು ಮುಂದಕ್ಕೆ ಬಾಗಬಾರದು, ಬೆನ್ನು ಅಂಗೈಯನ್ನು ಜಜ್ಜಬಾರದು. ನೋಡುವವರಿಗೆ ಇದು ವ್ಯಾಯಾಮವೆಂದೇ ಅನ್ನಿಸುವುದಿಲ್ಲ. ಮಾಡುವವರಿಗೆ ಹತ್ತು ಸೆಕೆಂಡಿನಲ್ಲಿ ಹೊಟ್ಟೆ ನಡುಗಲು ಶುರುವಾಗುತ್ತದೆ.

‘ಕೆಳಹೊಟ್ಟೆಗೆ’ ಎಂದು ಕಾಲೆತ್ತುವ ವ್ಯಾಯಾಮ ಕೇಳುವವರು ಬಹಳ. ರೆಕ್ಟಸ್ ಎದೆಗೂಡಿನಿಂದ ತೊಡೆಸಂದಿನ ನಡುವಿನ ಮೂಳೆಯವರೆಗೆ ಹರಡಿದ ಒಂದೇ ಸ್ನಾಯು. ಮೇಲಿನದು ಕೆಳಗಿನದು ಎಂದು ಎರಡಿಲ್ಲ. ಕಾಲೆತ್ತುವ ಕೆಲಸ ಮಾಡುವುದು ಮತ್ತೆ ಅದೇ ಸೋಯಸ್ ಬಳಗ, ಸೊಂಟದ ಗೂಡು ಮುಂದಕ್ಕೆ ವಾಲದಂತೆ ಹಿಡಿಯುವುದಷ್ಟೇ ಹೊಟ್ಟೆಯ ಪಾಲು. ಬೆನ್ನು ಬಿಲ್ಲಿನಂತೆ ನೆಲ ಬಿಟ್ಟರೆ ಆ ಹಿಡಿತವೂ ತಪ್ಪಿತೆಂದು ಅರ್ಥ. ಮಂಡಿ ಮಡಚಿ, ಪೃಷ್ಠವನ್ನೇ ನೆಲದಿಂದ ಅಂಗುಲದಷ್ಟು ಸುತ್ತಿಕೊಂಡು ಎತ್ತಿದಾಗ ಪರದೆಯ ಗೆರೆ ದಪ್ಪವಾಯಿತು. ಇನ್ನು, ಇದರಿಂದ ಹೊಟ್ಟೆಯ ಕೊಬ್ಬು ಕರಗುತ್ತದೆಯೇ? ಇಲ್ಲ. ಒಂದು ಜಾಗದ ಸ್ನಾಯುವನ್ನು ದುಡಿಸಿದರೆ ಆ ಜಾಗದ ಕೊಬ್ಬು ಹೋಗುವುದಿಲ್ಲ. ಅದು ಊಟದ ತಟ್ಟೆಗೆ ಸೇರಿದ ಪ್ರಶ್ನೆ.

ನನಗೆ ಅತಿ ಹೆಚ್ಚು ಕಲಿಸಿದ್ದು ಪ್ಲ್ಯಾಂಕ್. ಬೋರಲಾಗಿ, ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವ, ನಿಮಿಷಗಟ್ಟಲೆ ನಿಲ್ಲುವುದೇ ಸಾಧನೆ ಎಂದು ಎಲ್ಲರೂ ನಂಬಿರುವ ಭಂಗಿ. ಮೊಣಕೈಗಳು ಭುಜದ ನೇರ ಕೆಳಗಿದ್ದಾಗ, ಸೊಂಟ ಸ್ವಲ್ಪ ಜೋತುಬಿದ್ದರೂ ಆರಾಮವಾಗಿ ನಿಲ್ಲಬಹುದು. ಆಗ ದೇಹ ತೂಗುಬಿದ್ದಿರುವುದು ಮೂಳೆ ಮತ್ತು ಕಟ್ಟುಗಳ ಮೇಲೆ. ಹೊಟ್ಟೆಯ ಗೆರೆ ಸಣ್ಣಗೆ ಮಿಡುಕುತ್ತಿರುತ್ತದೆ, ಅಷ್ಟೇ. ಹಾಗೆಯೇ ಇದ್ದು ಪೃಷ್ಠವನ್ನು ಬಿಗಿದು, ಸೊಂಟದ ಗೂಡನ್ನು ಹೊಕ್ಕುಳಿನ ಕಡೆಗೆ ಒಳಸರಿಸಿದೆ. ಗೆರೆ ಎದ್ದಿತು. ಬಳಿಕ ಮೊಣಕೈಗಳನ್ನು ಒಂದು ಗೇಣು ಮುಂದಕ್ಕೆ, ಕಣ್ಣಿನ ನೇರಕ್ಕೆ ಇಟ್ಟೆ. ಆಗ ಸಂಕೇತ ಸಿಟ್‌ಅಪ್‌ನ ಮೊದಲ ಭಾಗದ ಮಟ್ಟವನ್ನು ಮುಟ್ಟಿತು, ಅರ್ಧ ನಿಮಿಷ ನಿಲ್ಲುವುದೂ ಕಷ್ಟವಾಯಿತು. ಆಸರೆಗಳ ನಡುವಿನ ದೂರ ಹೆಚ್ಚಿದಂತೆ ನಡುಭಾಗ ಕುಸಿಯದಂತೆ ತಡೆಯುವ ಹೊಣೆ ಹೊಟ್ಟೆಯ ಮೇಲೆ ಬೀಳುತ್ತದೆ, ಇದರಲ್ಲಿ ಗುಟ್ಟೇನೂ ಇಲ್ಲ. ಇದನ್ನು ವಿದ್ಯಾರ್ಥಿಗಳ ಮೇಲೆಯೂ ನೋಡಿದೆ. ಸೊಂಟ ಜೋತುಬಿಟ್ಟ ಹುಡುಗನ ಪ್ಲ್ಯಾಂಕ್‌ಗೂ ಬಿಗಿಹಿಡಿದ ಹುಡುಗಿಯ ಪ್ಲ್ಯಾಂಕ್‌ಗೂ ಇದ್ದ ಅಂತರ, ಅದೇ ಹುಡುಗಿಯ ಪ್ಲ್ಯಾಂಕ್‌ಗೂ ಕ್ರಂಚ್‌ಗೂ (ತಲೆ, ಭುಜವನ್ನಷ್ಟೇ ಎತ್ತುವ ಅರ್ಧ ಸಿಟ್‌ಅಪ್) ಇದ್ದ ಅಂತರಕ್ಕಿಂತ ದೊಡ್ಡದಾಗಿತ್ತು. ಅಂದಿನಿಂದ ಕ್ಲಿನಿಕ್‌ನಲ್ಲಿ ಪ್ಲ್ಯಾಂಕ್‌ಗೆ ಗಡಿಯಾರ ನೋಡುವುದನ್ನು ಬಿಟ್ಟಿದ್ದೇನೆ. ಹತ್ತು ಸೆಕೆಂಡು ಸರಿಯಾಗಿ ಹಿಡಿದು, ಇಳಿದು, ಉಸಿರಾಡಿ, ಮತ್ತೆ ಹಿಡಿಯಲು ಹೇಳುತ್ತೇನೆ. ರಕ್ತದೊತ್ತಡ ಇರುವವರು ಉಸಿರು ಕಟ್ಟಬಾರದು ಎಂದು ಎರಡು ಸಲ ಹೇಳುತ್ತೇನೆ. ಹೆರಿಗೆಯಾಗಿ ಹೊಟ್ಟೆಯ ಸ್ನಾಯು ನಡುವೆ ಬಿಟ್ಟುಕೊಂಡಿರುವವರಿಗೆ ಇದನ್ನು ಶುರುವಿನಲ್ಲಿ ಕೊಡುವುದೇ ಇಲ್ಲ.

ಪಕ್ಕಕ್ಕೆ ಮಲಗಿ ಒಂದು ಮೊಣಕೈ ಮೇಲೆ ಏಳುವ ಸೈಡ್ ಪ್ಲ್ಯಾಂಕ್ ನನ್ನ ಮೆಚ್ಚಿನದು. ನೆಲದ ಕಡೆಯ ಓರೆ ಸ್ನಾಯುಗಳೂ, ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಇರುವ ಕ್ವಾಡ್ರೇಟಸ್ ಲಂಬೋರಮ್ ಕೂಡ ದುಡಿಯುತ್ತವೆ. ಇನ್ನೊಂದು ಪಕ್ಕ ಹೆಚ್ಚುಕಡಿಮೆ ವಿಶ್ರಾಂತಿಯಲ್ಲಿರುತ್ತದೆ. ಹೀಗಾಗಿ ಬೆನ್ನಿನ ಮೇಲಿನ ಒಟ್ಟು ಒತ್ತಡವೂ ಕಡಿಮೆ. ಕಾಲು ಚಾಚಿ ಏಳಲಾಗದವರು ಮಂಡಿಯ ಮೇಲೆ ಏಳಬಹುದು.

ಬೆನ್ನಿನ ಕಡೆಗೆ ಬಂದರೆ, ಬೋರಲು ಮಲಗಿ ಎದೆ ಮತ್ತು ಕಾಲು ಎರಡನ್ನೂ ಒಟ್ಟಿಗೆ ಎತ್ತಿದಾಗ ಬೆನ್ನಿನ ಉದ್ದ ಸ್ನಾಯುಗಳು ಭರ್ಜರಿಯಾಗಿ ಸದ್ದು ಮಾಡಿದವು. ಆದರೆ ವಾಟರ್‌ಲೂ ಲೆಕ್ಕದಲ್ಲಿ ಈ ಬಗೆಯ ಎತ್ತುವಿಕೆಯಲ್ಲಿ ಒತ್ತಡ 4000 ನ್ಯೂಟನ್ ದಾಟುತ್ತದೆ. ಅಂಬೆಗಾಲಿಡುವ ಭಂಗಿಯಲ್ಲಿ ಎಡಗೈ, ಬಲಗಾಲು ಚಾಚುವ ಬರ್ಡ್ ಡಾಗ್‌ನಲ್ಲಿ ಸುಮಾರು 3000. ಸಂಕೇತ ಸಣ್ಣದು, ಬೆಲೆಯೂ ಕಡಿಮೆ. ನೋವಿನವರಿಗೆ ನಾನು ಎರಡನೆಯದನ್ನೇ ಕೊಡುತ್ತೇನೆ. ಭುಜಂಗಾಸನದ ವಿಷಯ ಮಜವಾಗಿದೆ: ಕೈಯಿಂದ ಒತ್ತಿ ಎದ್ದರೆ ಬೆನ್ನಿನ ಗೆರೆ ಬಹುಮಟ್ಟಿಗೆ ಮಲಗಿರುತ್ತದೆ, ಅಂಗೈಯನ್ನು ನೆಲದಿಂದ ಬಿಡಿಸಿದೊಡನೆ ಎದ್ದು ನಿಲ್ಲುತ್ತದೆ.

ಯೋಗದ ಇನ್ನೊಂದು ಸಂಗತಿ. ಉಡ್ಡಿಯಾನದಲ್ಲಿ ಹೊಟ್ಟೆ ಬೆನ್ನಿಗೆ ಅಂಟುವಷ್ಟು ಒಳಹೋಗುವುದನ್ನು ನೋಡಿ ಅದು ಹೊಟ್ಟೆಯ ಸ್ನಾಯುಗಳ ಪರಾಕ್ರಮ ಎಂದುಕೊಳ್ಳುವವರೇ ಹೆಚ್ಚು. ನಡೆಯುವುದು ಬೇರೆ. ಉಸಿರನ್ನು ಪೂರ್ತಿ ಹೊರಹಾಕಿ, ಗಂಟಲು ಮುಚ್ಚಿ, ಎದೆಗೂಡನ್ನು ಹಿಗ್ಗಿಸಿದಾಗ ಒಳಗೆ ಒತ್ತಡ ಇಳಿದು ಸಡಿಲವಾದ ಹೊಟ್ಟೆ ತಾನಾಗಿ ಒಳಕ್ಕೆ ಹೀರಲ್ಪಡುತ್ತದೆ. ಲೋನಾವಳದಲ್ಲಿ 1924ರಲ್ಲಿ ಕೈವಲ್ಯಧಾಮ ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಉಡ್ಡಿಯಾನದಲ್ಲೂ, ಅದೇ ಸ್ಥಿತಿಯಲ್ಲಿ ಹೊಟ್ಟೆಯ ನಡುಸ್ನಾಯುವನ್ನು ಮುಂದೂಡುವ ನೌಲಿಯಲ್ಲೂ ಉಂಟಾಗುವ ಈ ಋಣ ಒತ್ತಡವನ್ನು ಆ ಕಾಲದಲ್ಲೇ ಅಳೆದಿದ್ದರು. ಹೊಟ್ಟೆಯ ಸ್ನಾಯು ನಿಜವಾಗಿ ದುಡಿಯುವುದು ನೌಲಿಯಲ್ಲಿ ರೆಕ್ಟಸ್ ಕಂಬದಂತೆ ಎದ್ದಾಗ, ಮತ್ತು ಕಪಾಲಭಾತಿಯ ಪ್ರತಿ ನಿಶ್ವಾಸದಲ್ಲಿ.

ಪೈಲ್ವಾನರಿಗೆ ಗರಡಿಯ ದಂಡವನ್ನು ಹೊಡೆಯಲು ಹೇಳಿದೆ. ಎದೆ ನೆಲದ ಸಮೀಪ ಜಾರುವ ಕ್ಷಣದಲ್ಲಿ ಹೊಟ್ಟೆ ಬಿಗಿಯಾಗಿ, ಸೊಂಟ ಇಳಿದು ಎದೆ ಮೇಲೇಳುವಾಗ ಸಡಿಲವಾಗುತ್ತಿತ್ತು. ಬಸ್ಕಿಯಲ್ಲಿ ತೊಡೆಯದೇ ಕಾರುಬಾರು, ಹೊಟ್ಟೆಯದು ಅಲ್ಪ. ಗದೆ ತಿರುಗಿಸುವಾಗ ತಂತಿಗಳು ಅಲುಗಾಡಿದ್ದರಿಂದ ಪ್ರಮಾಣವನ್ನು ನಂಬುವಂತಿರಲಿಲ್ಲ. ಆದರೆ ಗದೆ ಬೆನ್ನ ಹಿಂದೆ ಒಂದು ಭುಜದಿಂದ ಇನ್ನೊಂದಕ್ಕೆ ದಾಟುವಾಗ ಎಡಬಲದ ಓರೆ ಸ್ನಾಯುಗಳು ಸರದಿಯ ಮೇಲೆ ಎಚ್ಚರಗೊಳ್ಳುವುದು ಸ್ಪಷ್ಟವಾಗಿತ್ತು. ಮುಂಡ ತಿರುಚಿಕೊಳ್ಳದಂತೆ ತಡೆಯುವುದು ಅವುಗಳ ಕೆಲಸ. “ಗದೆ ಎತ್ತುವವನ ಸೊಂಟ ಆಡಬಾರದು ಎಂದು ನಮ್ಮ ಉಸ್ತಾದರು ಮೊದಲ ದಿನವೇ ಹೇಳಿದ್ದರು, ಸರ್” ಎಂದ ಅವರಲ್ಲೊಬ್ಬ, ಯಂತ್ರದ ಕಡೆ ಸ್ವಲ್ಪ ಅನುಕಂಪದಿಂದ ನೋಡುತ್ತ.

ಹೊಟ್ಟೆಯ ಸ್ನಾಯುಗಳಲ್ಲಿ ಎಲ್ಲಕ್ಕಿಂತ ಒಳಗಿರುವ ಟ್ರಾನ್ಸ್‌ವರ್ಸಸ್ ಸ್ನಾಯುವನ್ನು ಚರ್ಮದ ಮೇಲಿನ ಎಲೆಕ್ಟ್ರೋಡ್ ಪ್ರತ್ಯೇಕವಾಗಿ ಹಿಡಿಯಲಾರದು, ಸೂಕ್ಷ್ಮ ತಂತಿ ಚುಚ್ಚಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಹಾಗೆ ಮಾಡಿ, ಆರೋಗ್ಯವಂತರಲ್ಲಿ ತೋಳು ಅಲುಗುವ ಮುನ್ನವೇ ಈ ಸ್ನಾಯು ಬಿಗಿಯಾಗುತ್ತದೆ, ಬೆನ್ನುನೋವಿನವರಲ್ಲಿ ತಡವಾಗುತ್ತದೆ ಎಂದು 1996ರಲ್ಲಿ ತೋರಿಸಿದರು. ಅದಾದ ಮೇಲೆ ಹೊಕ್ಕುಳನ್ನು ಒಳಗೆಳೆದುಕೊಳ್ಳುವ ವ್ಯಾಯಾಮ ಎಲ್ಲೆಡೆ ಹಬ್ಬಿತು. ನಾನೂ ಅದನ್ನು ಕಲಿತವನೇ. ಈಗ ಭಾರ ಎತ್ತುವ ಸಂದರ್ಭಕ್ಕೆ ಅದನ್ನು ಹೇಳುವುದಿಲ್ಲ. ಯಾರೋ ಹೊಟ್ಟೆಗೆ ಗುದ್ದಲು ಬರುತ್ತಿದ್ದಾರೆ ಎಂಬಂತೆ ಸುತ್ತಲೂ ಹದವಾಗಿ ಬಿಗಿಮಾಡಲು ಹೇಳುತ್ತೇನೆ. ಆಗ ಮುಂದಿನ, ಪಕ್ಕದ, ಹಿಂದಿನ ಎಲ್ಲ ಗೆರೆಗಳೂ ಒಟ್ಟಿಗೆ ಏಳುತ್ತವೆ.

ಕೊನೆಯದಾಗಿ ಅಳೆದದ್ದು ನೀರು ಹೊರುವುದನ್ನು. ಬಲಗೈಯಲ್ಲಿ ತುಂಬಿದ ಬಕೆಟ್ ಹಿಡಿದು ನಡೆದರೆ ಎಡ ಪಕ್ಕದ ಸ್ನಾಯುಗಳು ಕೆಲಸಕ್ಕಿಳಿಯುತ್ತವೆ. ಗಟ್ಟಿಯಿರುವವರಿಗೆ ಇದೇ ಒಳ್ಳೆಯ ವ್ಯಾಯಾಮ, ನೆಟ್ಟಗೆ ನಡೆಯಬೇಕಷ್ಟೆ. ನೋವಿರುವವರಿಗೆ ಮಾತ್ರ ಲೆಕ್ಕ ಬೇರೆ. ಒಂದೇ ಕೈಯಲ್ಲಿ 30 ಕಿಲೋ ಹೊತ್ತಾಗ ಸೊಂಟದ ಮೇಲೆ ಬೀಳುವ ಒತ್ತಡ, ಎರಡೂ ಕೈಯಲ್ಲಿ 30ರಂತೆ 60 ಕಿಲೋ ಹೊತ್ತಾಗ ಬೀಳುವುದಕ್ಕಿಂತ ಹೆಚ್ಚು ಎಂದು ಮೆಕ್‌ಗಿಲ್ ತಂಡ ಕಂಡುಕೊಂಡಿದೆ. ಬೀದಿ ನಲ್ಲಿಯಿಂದ ನೀರು ತರುವ ಒಬ್ಬ ತಾಯಿಗೆ ನಾನು ಆ ವಾರ ಚಾಪೆಯ ಮೇಲಿನ ಯಾವ ವ್ಯಾಯಾಮವನ್ನೂ ಬರೆದುಕೊಡಲಿಲ್ಲ. ಸೊಂಟದ ಮೇಲಿನ ಬಿಂದಿಗೆ ಬಿಟ್ಟು, ಎರಡು ಬಕೆಟ್ ಅರ್ಧರ್ಧ ತುಂಬಿಸಿ ತರಲು ಹೇಳಿದೆ. “ಎರಡು ಸಲ ಹೋಗಬೇಕಾಗುತ್ತದಲ್ಲಪ್ಪ” ಎಂದರು. “ಹೋಗಿ ಅಮ್ಮ, ನಡೆಯುವುದೂ ಬೆನ್ನಿಗೆ ಒಳ್ಳೆಯದೇ” ಎಂದೆ.